ಆರಾಮ ಮಾಡುವ ಕೆಲಸ

ಕೇರ್ ಆಫ್ 56 ಎ.ಪಿ.ಒ.
11 ಜೂನ್ 2005

ಡಾಕ್ಟರ್ ಅಕ್ಕಾರಿಗೆ ಕೊಟ್ರೇಶನ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮೇಡ್ಲೇರಿಯ ಮೈಲಾರೆಪ್ಪ ಎಂಬವರು ಹೋದ ತಿಂಗಳಿನಿಂದ ರಾಣೆಬೆನ್ನೂರಿಗೆ, ನಿಮ್ಮ ದವಾಖಾನೆಗೆ ಬರುತ್ತಿದ್ದಾರಲ್ಲ, ಅವರ ಒಬ್ಬನೇ ಮಗ ನಾನು. ಮಿಲಿಟರಿ ಸೇರಿ ಐದು ವರ್ಷವಾಯಿತು. ಈಗಿರುವ ಜಾಗದ ಹೆಸರು ಬರೆಯುವಂತಿಲ್ಲ. ಬೆಟ್ಟದ ಮೇಲೆ ಇದ್ದೇನೆ, ಚಳಿ ಬಹಳ, ಅಷ್ಟು ತಿಳಿದರೆ ಸಾಕು.

ನಿಮ್ಮ ವಿಳಾಸವನ್ನು ಔಷಧಿ ಚೀಟಿ ನೋಡಿ ವಿರೂಪಾಕ್ಷಪ್ಪನವರು ಓದಿ ಹೇಳಿದರು. ಊರಲ್ಲಿ ಅವರ ಕಿರಾಣಿ ಅಂಗಡಿಗೇ ನಾನು ಫೋನ್ ಮಾಡುವುದು. ಇಲ್ಲಿ ಫೋನಿನ ಪಾಳಿ ಬರುವುದು ಇಪ್ಪತ್ತು ದಿನಕ್ಕೊಮ್ಮೆ. ಅಪ್ಪನನ್ನು ಕರೆಸಿದರೆ ಅವನು ಕೂಗುವುದು ಒಂದೇ ಮಾತು: "ನಾ ಆರಾಮ ಅದೇನಲೇ, ನೀ ಆರಾಮ ಅದೀಯಿಲ್ಲೋ?" ಅಷ್ಟು ಹೇಳಿ ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತಾನೆ. ನಾನು ಮಿಲಿಟರಿಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಹೇಳದೆ ಕೇಳದೆ ಬೆಳಗಾವಿಗೆ ಹೋಗಿ ಭರ್ತಿಯಾದೆ. ಅಂದಿನಿಂದ ರಜೆಗೆ ಹೋದಾಗಲೂ ಅವನು ನನ್ನೊಡನೆ ಎದುರು ಕೂತು ಮಾತಾಡಿದ್ದಿಲ್ಲ. ಅವ್ವನಿಗೆ ಓದು ಬರುವುದಿಲ್ಲ, ಕೇಳಿದರೆ ಅಳುತ್ತಾಳೆ. ಖರೇ ಹೇಳುವವರು ನೀವೊಬ್ಬರೇ.

ಈ ವರ್ಷ ನನಗೆ ಮೂವತ್ತು ದಿನದ ರಜೆ ಉಳಿದಿದೆ. ಒಂದೇ ಸಲ ತೆಗೆದುಕೊಳ್ಳಬೇಕು. ಆಗಸ್ಟಿನಲ್ಲಿ ನನ್ನ ಪಾಳಿ ಇದೆ, ಅದು ಬಿಟ್ಟರೆ ದೀಪಾವಳಿಗೆ. ಯಾವಾಗ ಬರಲಿ? ಅಪ್ಪನ ಮಣ್ಣಿಗೆ ಬಂದು ನಿಲ್ಲುವ ಮಗನಾಗುವುದು ನನಗೆ ಬೇಡ. ಅವನು ಕೂತು ಮಾತಾಡುವ ಹಾಗಿರುವಾಗ ಬರಬೇಕು. ಅವನಿಗೆ ನನ್ನ ಮೇಲಿರುವ ಸಿಟ್ಟನ್ನಾದರೂ ಬಾಯಿಬಿಟ್ಟು ಹೇಳಲಿ, ಕೇಳುತ್ತೇನೆ.

ಇನ್ನೊಂದು ದಾರಿಯೂ ಇದೆ. "ಅಪ್ಪ ಸೀರಿಯಸ್, ಹೊರಟು ಬಾ" ಎಂಬ ತಂತಿ ಇಲ್ಲಿಗೆ ವಾರಕ್ಕೆ ನಾಲ್ಕು ಬರುತ್ತವೆ. ನಮ್ಮ ಸಾಹೇಬರು ಓದಿ ನಗುತ್ತಾರೆ. ಆದರೆ ಡಾಕ್ಟರ ಹೆಸರಿನಲ್ಲಿ ಬಂದರೆ ನಗುವುದಿಲ್ಲ, ಅವತ್ತೇ ಬಿಡುತ್ತಾರೆ. ಅಂಥ ಹೊತ್ತು ಬಂದರೆ ನಿಮ್ಮ ಹೆಸರಿನಲ್ಲಿ ಒಂದು ತಂತಿ ಹೊಡೆಯಿರಿ, ಅಕ್ಕಾರೆ. ನನ್ನದು ಇಷ್ಟೇ ಬೇಡಿಕೆ.

ನಿಮ್ಮವ,
ಕೊಟ್ರೇಶ

*

ರಾಣೆಬೆನ್ನೂರು
27 ಜೂನ್ 2005

ಕೊಟ್ರೇಶ,

ನಿನ್ನ ಪತ್ರವನ್ನು ಓದಲು ನನಗೂ ನಮ್ಮ ಕಂಪೌಂಡರ್ ಮೌಲಾಸಾಬರಿಗೂ ಸೇರಿ ಅರ್ಧ ತಾಸು ಹಿಡಿಯಿತು. ಡಾಕ್ಟರರ ಕೈಬರಹವನ್ನು ಆಡಿಕೊಳ್ಳುವವರಿಗೆ ಇನ್ನು ಮುಂದೆ ನಿನ್ನ ಪತ್ರವನ್ನೇ ತೋರಿಸುತ್ತೇನೆ. ವಯಸ್ಸಿನಲ್ಲಿ ನನ್ನ ಮಗನಷ್ಟು ಇರುವೆ, ಹಾಗಾಗಿ ನೀನು ಎಂದೇ ಬರೆಯುತ್ತೇನೆ, ಸಿಟ್ಟಾಗಬೇಡ.

ನಿನ್ನ ಅಪ್ಪ ನನ್ನೆದುರು ಬಾಯಿ ಮುಚ್ಚಿ ಕೂರುವ ಮನುಷ್ಯ ಅಲ್ಲ. ಬೀಜದ ಕಂಪನಿಗಳ ಹೊಲದಲ್ಲಿ ಕ್ರಾಸಿಂಗ್ ಮಾಡುವ ಅರ್ಧ ಮೇಡ್ಲೇರಿಗೆ ಕೆಲಸ ಕಲಿಸಿದವನು ತಾನೇ ಅಂತೆ. ಗಂಟಲು ತೋರಿಸಲು ಬಂದವರು ನನಗೇ ಪಾಠ ಹೇಳಿದರು. "ಸಂಜೀಮುಂದ ಹೂವಿನ ಗಂಡು ತಗೀಬೇಕ್ರಿ ಅಕ್ಕಾರ, ಮುಂಜಾನಿ ಬ್ಯಾರೆ ಗಿಡದ ಪುಡಿ ಮುಟ್ಟಿಸಬೇಕ್ರಿ. ಕೈ ನಡುಗಿದ್ರ ಕಾಯಿ ಕಟ್ಟೂದಿಲ್ಲ." ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು, ಕಾಯಿಯ ಬಗ್ಗೆ ನನಗೆ ಪಾಠ ಬೇಡ ಎಂದು ಗದರಿಸಿದೆ. ಅವರು ನಕ್ಕು ಮತ್ತೆ ಮುಂದುವರಿಸಿದರು.

ಈಗ ಕೆಲಸದ ಮಾತು. ಎಂಟು ಕಿಲೋ ತೂಕ ಇಳಿದಿದೆ. ದಾವಣಗೆರೆಗೆ ಕಳಿಸಿ ಕೊಳವೆ ಇಳಿಸಿ ನೋಡಿಸಿದೆ. ಅನ್ನನಾಳದಲ್ಲಿ ಒಂದು ಗಡ್ಡೆ ಇದೆ. ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಫಲಿತಾಂಶ ಬರುವವರೆಗೆ ನಾನು ಅಂದಾಜಿನ ಮಾತು ಆಡುವುದಿಲ್ಲ. ನೀನೂ ಅಲ್ಲಿ ಕೂತು ಏನೇನೋ ಕಲ್ಪಿಸಿಕೊಳ್ಳಬೇಡ. ಹಾವೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ, ಇಲ್ಲಿ ಸ್ವಂತದ್ದು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆಂದು ನನಗೆ ಕೆಟ್ಟ ಹೆಸರೇ ಇದೆ. ನಿನಗೂ ಹಾಗೆಯೇ ಹೇಳುತ್ತೇನೆ. ತಂತಿ ಹೊಡೆಯುವ ಹೊತ್ತು ಬಂದರೆ ಹೊಡೆಯುತ್ತೇನೆ. ಇದು ನನ್ನ ಮಾತು.

ಡಾ. ನಿರ್ಮಲಾ

*

ರಾಣೆಬೆನ್ನೂರು
19 ಜುಲೈ 2005

ಕೊಟ್ರೇಶ,

ಫಲಿತಾಂಶ ಬಂದಿದೆ. ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೂ ತೋರಿಸಿ ಆಯಿತು. ಆಪರೇಷನ್ ಮಾಡುವುದು ಬೇಡ ಎಂದು ತೀರ್ಮಾನಿಸಿದ್ದೇವೆ. ಇನ್ನು ಆರಾಮ ಮಾಡುವುದೊಂದೇ ನಮ್ಮ ಕೆಲಸ. ನಿನ್ನ ತಾಯಿ ಗುತ್ತೆವ್ವನನ್ನು ಕೂರಿಸಿಕೊಂಡು ಹೇಳಿದ್ದೇನೆ. ಅವಳು ಧೈರ್ಯದಿಂದ ಇದ್ದಾಳೆ.

ಇವತ್ತು ಪೇಷಂಟುಗಳು ಬಹಳ. ಉಳಿದದ್ದು ಇನ್ನೊಮ್ಮೆ ಬರೆಯುತ್ತೇನೆ.

ಡಾ. ನಿರ್ಮಲಾ

*

ಕೇರ್ ಆಫ್ 56 ಎ.ಪಿ.ಒ.
4 ಆಗಸ್ಟ್ 2005

ನಮ್ಮ ಡಾಕ್ಟರ್ ಅಕ್ಕಾರಿಗೆ,

ನಿಮ್ಮ ಪತ್ರವನ್ನು ಒಡೆಯಲು ಧೈರ್ಯ ಬರದೆ ಒಂದು ಇಡೀ ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಕೊನೆಗೆ ಒಡೆದೆ. ಆಪರೇಷನ್ ಬೇಡ, ಇನ್ನು ಆರಾಮ ಮಾಡುವುದೊಂದೇ ಕೆಲಸ ಎಂಬಲ್ಲಿಗೆ ಬಂದು ಇದ್ದಲ್ಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಕನ್ನಡ ಬಾರದವರಿಗೂ ಓದಿ ಹೇಳಿದೆ. ಎಲ್ಲರೂ ನನ್ನ ಬೆನ್ನು ಚಪ್ಪರಿಸಿದರು.

ಒಂದು ವಾರ್ತೆ. ಆಗಸ್ಟಿನ ನನ್ನ ರಜೆಯ ಪಾಳಿಯನ್ನು ಪಕ್ಕದ ಹಾಸಿಗೆಯ ಸಾಂಗ್ಲಿಯವನಿಗೆ ಬಿಟ್ಟುಕೊಟ್ಟೆ. ಅವನ ಹೆಂಡತಿಗೆ ಇದೇ ತಿಂಗಳು ಹೆರಿಗೆ. ಹೊರಡುವಾಗ ನನ್ನ ಕೈ ಹಿಡಿದು ಬಿಡಲೇ ಇಲ್ಲ. ನಾನು ದೀಪಾವಳಿಗೆ ಬರುತ್ತೇನೆ. ಅಷ್ಟರಲ್ಲಿ ಅಪ್ಪ ಹೊಲಕ್ಕೆ ಹೋಗುವಷ್ಟು ಗಟ್ಟಿಯಾಗಿರುತ್ತಾನೆ. ಕ್ರಾಸಿಂಗ್ ಮಾಡಲು ಅವನ ಸಾಲಿನಲ್ಲೇ ಕೂರುತ್ತೇನೆ. ಎಷ್ಟು ಬೈಯುತ್ತಾನೋ ಬೈಯಲಿ, ಹೂವು ಮುಟ್ಟುವಾಗ ಅವನು ಎದ್ದು ಹೋಗುವಂತಿಲ್ಲವಲ್ಲ!

ಇಲ್ಲಿ ಅಕ್ರೋಟು ಬಹಳ ಚಲೋ ಸಿಗುತ್ತವೆ. ಪುಡಿ ಮಾಡಿ ಹಾಲಿನಲ್ಲಿ ಕೊಟ್ಟರೆ ಅವನಿಗೆ ನುಂಗಲು ಬರುತ್ತದೆಯೇ? ಬರೆಯಿರಿ. ನಿಮಗೂ ಒಂದು ಚೀಲ ತರುತ್ತೇನೆ. ಬೇಡ ಎನ್ನಬಾರದು.

ನಿಮ್ಮ ಮಗನಂಥವ,
ಕೊಟ್ರೇಶ

*

ರಾಣೆಬೆನ್ನೂರು
17 ಆಗಸ್ಟ್ 2005

ಕೊಟ್ರೇಶ,

ನಿನ್ನ ಪತ್ರ ನಿನ್ನೆ ಬಂತು. ರಜೆಯ ಪಾಳಿ ಬಿಟ್ಟುಕೊಡುವ ಮುಂಚೆ ನನಗೊಂದು ಮಾತು ಕೇಳಬಾರದಿತ್ತೇ? ಇರಲಿ.

ಮೈಲಾರೆಪ್ಪನವರಿಗೆ ಈಗ ನೋವು ಇಲ್ಲ. ಎರಡು ವಾರ ಬಹಳ ಒದ್ದಾಡಿದರು. ಬೇಕಾದ ಗುಳಿಗೆ ಇಲ್ಲಿ ನನಗೆ ಸಿಗಲಿಲ್ಲ, ಮೌಲಾಸಾಬರು ಎರಡು ಸಲ ಹುಬ್ಬಳ್ಳಿಗೆ ಹೋಗಿ ತಂದರು. ಈಗ ಚೆನ್ನಾಗಿ ನಿದ್ದೆ ಬರುತ್ತಿದೆ. ಊಟ ಕಡಿಮೆ. ಗಂಜಿ, ಎಳನೀರು, ಮಜ್ಜಿಗೆಯ ಮೇಲೆ ಇದ್ದಾರೆ. ಅಕ್ರೋಟು ಬೇಡ.

ದೀಪಾವಳಿ ದೂರವಾಯಿತು. ಅದಕ್ಕೂ ಮೊದಲೇ ಬರಲಿಕ್ಕೆ ಆಗುತ್ತದೆಯೇ ನೋಡು. ಹಾಗೆಂದು ಗಾಬರಿಯಾಗಬೇಡ. ಮೊನ್ನೆ ನಿನ್ನ ಮಾತು ತೆಗೆದಾಗ ನಿನ್ನ ಅಪ್ಪ ಏನೆಂದರು ಗೊತ್ತೇ? "ಮಿಲಿಟರ‍್ಯಾವ ಮಳಿಗಾಲದಾಗ ಮನಿಗೆ ಬಂದಾನಂದ್ರ ಆ ಮನ್ಯಾಗ ಯಾರೋ ಹೊಂಟಾರಂತ ಊರಾಗಿನ ಮಂದಿ ತಿಳೀತಾರ್ರಿ ಅಕ್ಕಾರ." ಹೇಳಿ ತಾವೇ ನಕ್ಕರು. ನೀನು ಒಮ್ಮೆಲೇ ಬಂದು ಬಾಗಿಲಲ್ಲಿ ನಿಂತರೆ ಅವರ ಎದೆ ಒಡೆದೀತು ಎಂದು ನನಗೂ ಅನ್ನಿಸುತ್ತದೆ. ಎರಡೂ ಕಡೆ ಯೋಚಿಸಿ ನೋಡು.

ಡಾ. ನಿರ್ಮಲಾ

*

ತಂತಿ
ರಾಣೆಬೆನ್ನೂರು, 4 ಸೆಪ್ಟೆಂಬರ್ 2005

ತಂದೆ ಇಂದು ಬೆಳಿಗ್ಗೆ ತೀರಿಕೊಂಡರು. ಕೂಡಲೇ ಹೊರಡಿ. — ಡಾಕ್ಟರ್ ನಿರ್ಮಲಾ

*

ರಾಣೆಬೆನ್ನೂರು
9 ಅಕ್ಟೋಬರ್ 2005

ಕೊಟ್ರೇಶ ಅವರಿಗೆ,

ಸೆಪ್ಟೆಂಬರ್ 12ರಂದು ನೀವು ದವಾಖಾನೆಗೆ ಬಂದಿದ್ದಿರಂತೆ. ಬೆಂಚಿನ ಮೇಲೆ ಒಂದು ತಾಸು ಕೂತಿದ್ದು, ನಿಮ್ಮ ನಂಬರು ಬರುವ ಹೊತ್ತಿಗೆ ಎದ್ದು ಹೋದಿರೆಂದು ಮೌಲಾಸಾಬರು ಹೇಳಿದರು. ನಾನು ಹೊರಗೆ ಓಡಿ ಬಂದೆ. ಬಸ್ಸು ಹೋಗಿ ಆಗಿತ್ತು. ಅಂದಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಜುಲೈ ತಿಂಗಳಿನಲ್ಲೇ ನನಗೆ ಎಲ್ಲ ಗೊತ್ತಿತ್ತು. ನಿಮ್ಮ ತಂದೆಯವರದು ಅನ್ನನಾಳದ ಕ್ಯಾನ್ಸರ್, ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಆಪರೇಷನ್ ಬೇಡ ಎಂದದ್ದು ಅದರಿಂದ ಉಪಯೋಗವಿಲ್ಲ ಎಂಬ ಕಾರಣಕ್ಕೆ. ಇದಿಷ್ಟನ್ನು ನಿಮಗೆ ಬರೆಯಲು ಎರಡು ಸಾಲು ಸಾಕಾಗಿತ್ತು. ನಾನು ಬರೆಯಲಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋಗಿದ್ದೆ, ವಾಸಿಯಾಗದ ರೋಗಿಗಳನ್ನು ನೋಡಿಕೊಳ್ಳುವ ಬಗ್ಗೆ. ಗುಣ ಮಾಡಲು ಆಗದಿದ್ದರೆ ಅವರನ್ನು ಆರಾಮವಾಗಿ ಇಡಿ ಎಂದು ಆ ಕಡೆಯ ಡಾಕ್ಟರೊಬ್ಬರು ಹೇಳಿದರು. ಮಾತು ಬಹಳ ಹಿಡಿಸಿತು. ದೊಡ್ಡ ನಿಧಿ ಸಿಕ್ಕಂತೆ ಊರಿಗೆ ತಂದೆ. ಅವರ ಕಡೆ ಆ ಮಾತಿಗೆ ನೆಮ್ಮದಿ ಎಂದಷ್ಟೇ ಅರ್ಥ. ನಮ್ಮಲ್ಲಿ ಜ್ವರ ಬಂದವನು ಆರಾಮ ಇಲ್ಲ ಎನ್ನುತ್ತಾನೆ, ಬಿಟ್ಟ ಮೇಲೆ ಆರಾಮ ಆತು ಎನ್ನುತ್ತಾನೆ. ಬ್ಯಾಡಗಿಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ? ನಿಮ್ಮ ತಾಯಿಯನ್ನು ಕೂರಿಸಿಕೊಂಡು, "ಗುತ್ತೆವ್ವ, ಇನ್ನ ಇವರನ್ನ ಆರಾಮ ಮಾಡೋದು ನಮ್ಮ ಕೆಲಸ" ಎಂದೆ. ಆಕೆಯ ಮುಖ ಅರಳಿತು. "ನಿಮ್ಮ ಬಾಯಾಗ ಸಕ್ರಿ ಹಾಕಲ್ರಿ ಅಕ್ಕಾರ" ಎಂದಳು. ಆ ಕ್ಷಣದಲ್ಲೇ ನನಗೆ ತಿಳಿಯಿತು, ಆಕೆ ಬೇರೆಯೇ ಅರ್ಥ ಮಾಡಿಕೊಂಡಿದ್ದಾಳೆ ಎಂದು. ಹಾಗಲ್ಲವ್ವಾ ಎನ್ನಬೇಕಿತ್ತು. ಅರಳಿದ ಮುಖ ನೋಡುತ್ತ ಸುಮ್ಮನೆ ಕೂತೆ. ಅದೇ ಸಂಜೆ ನಿಮಗೆ ಪತ್ರ ಬರೆದೆ. ಆಕೆಗೆ ಹೇಳಿದ ಮಾತನ್ನೇ ಬರೆದೆ. ನೀವೂ ಆಕೆಯ ಹಾಗೆಯೇ ಓದುತ್ತೀರಿ ಎಂದು ತಿಳಿದೇ ಬರೆದೆ. ಅವತ್ತು ಪೇಷಂಟುಗಳು ಬಹಳ ಎಂದದ್ದು ಸುಳ್ಳು. ಅವತ್ತು ಒಂಬತ್ತೇ ಜನ ಬಂದಿದ್ದರು.

ಇದ್ದದ್ದು ಇದ್ದ ಹಾಗೆ ಹೇಳುವವಳು ಎಂದು ನಿಮಗೆ ಜಂಬ ಕೊಚ್ಚಿಕೊಂಡಿದ್ದೆ. ಖರೇ ಹೇಳಬೇಕೆಂದರೆ, ಗದರಿಸುವುದು ನನಗೆ ಸುಲಭ. ಔಷಧಿ ತಪ್ಪಿಸಿದವನನ್ನು, ಬೀಡಿ ಬಿಡದವನನ್ನು ಗದರಿಸುತ್ತೇನೆ. ಜನ ಅದನ್ನೇ ನೇರ ಮಾತು ಎಂದುಕೊಂಡಿದ್ದಾರೆ, ನಾನೂ ಹಾಗೆಯೇ ನಂಬಿಕೊಂಡು ಬಂದಿದ್ದೆ. ಸಾಯುತ್ತಾರೆ ಎಂದು ಹೇಳಬೇಕಾದಾಗ ಮಾತ್ರ ಇಪ್ಪತ್ತೈದು ವರ್ಷಗಳಿಂದ ಮಾತು ತೇಲಿಸುತ್ತ ಬಂದಿದ್ದೇನೆ. ಇದಕ್ಕೆ ದಯೆ ಎಂದು ಹೆಸರು ಕೊಟ್ಟುಕೊಂಡಿದ್ದೆ. ನನಗೆ ಈಗ ಆ ಹೆಸರಿನ ಮೇಲೆ ಅಸಹ್ಯ.

ಇನ್ನೂ ಒಂದು ಇದೆ. ಹೊಟ್ಟೆಗೆ ತೂತು ಮಾಡಿ ನಳಿಗೆ ಕೂರಿಸಿದರೆ ಅದರ ಮೂಲಕ ಹಾಲು, ಗಂಜಿ ಕೊಡಬಹುದು, ಎರಡು ತಿಂಗಳು ಹೆಚ್ಚಿಗೆ ಬದುಕಿಯಾರು ಎಂದು ಹುಬ್ಬಳ್ಳಿಯವರು ಹೇಳಿದ್ದರು. ನಾನು ಬೇಡವೆಂದೆ. ಎರಡು ತಿಂಗಳಿನ ಮಾತು ಎತ್ತದೆ, ಇಷ್ಟು ಯಾತನೆ ಯಾಕೆ ಎಂದಷ್ಟೇ ಹೇಳಿ ನಿಮ್ಮ ತಾಯಿಯನ್ನೂ ಒಪ್ಪಿಸಿದೆ. ಈಗಲೂ ಪುಸ್ತಕ ತೆಗೆದು ನೋಡಿದರೆ ನನ್ನ ತೀರ್ಮಾನ ಸರಿಯೇ. ಆದರೆ ಆ ಎರಡು ತಿಂಗಳಿನ ಕೊನೆಗೆ ದೀಪಾವಳಿ ಇತ್ತು. "ನೀವು ಯಾರಿಗಾದರೂ, ಯಾವುದಕ್ಕಾದರೂ ಕಾಯುತ್ತಿದ್ದೀರಾ" ಎಂದು ನಾನು ಮೈಲಾರೆಪ್ಪನವರನ್ನು ಕೇಳಲಿಲ್ಲ. ಹೊಟ್ಟೆ ಅವರದು, ಸಾವೂ ಅವರದು. ಎಲ್ಲರನ್ನೂ ಕೇಳಿದೆ, ಅವರೊಬ್ಬರನ್ನು ಬಿಟ್ಟು.

ತಂತಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಆಗಸ್ಟ್ 18ರಂದು ಫಾರ್ಮು ತುಂಬಿ ಮೌಲಾಸಾಬರ ಕೈಗೆ ಕೊಟ್ಟೆ. ಅವರು ಚಪ್ಪಲಿ ಮೆಟ್ಟಿದ್ದರು. ಮಳೆಗಾಲದ ಆ ಮಾತು ನೆನಪಾಗಿ ಫಾರ್ಮು ವಾಪಸು ಇಸಕೊಂಡೆ.

"ಕಳಿಸೇಬಿಡ್ರಿ ಅಕ್ಕಾರ. ಮಗಾ ಬರ್ತಾನ, ಅಷ್ಟ ಅಲ್ಲೇನ್ರಿ?" ಎಂದರು.

"ಅಂಜತಾರ ಮೌಲಾಸಾಬ."

"ಯಾರ್ರಿ ಅಂಜೋರು?"

ನಾನು ಒಳಗೆ ಹೋಗಿ ಮುಂದಿನ ಪೇಷಂಟನ್ನು ಕರೆದೆ.

ಸೆಪ್ಟೆಂಬರ್ 3ರಂದು ಅವರಿಗೆ ಉಸಿರಾಟ ಕಷ್ಟವಾಗಿ ಇಲ್ಲಿಗೆ ತಂದರು. ನೋವು ಇರಲಿಲ್ಲ, ಇದೊಂದು ಮಾತು ಖರೇ. ಮರುದಿನ ಬೆಳಿಗ್ಗೆ ಏಳಕ್ಕೆ ತೀರಿಕೊಂಡರು. ನಿಮ್ಮ ತಾಯಿ ಅವರ ಕೈ ಬಿಟ್ಟು ನನ್ನ ಕೈ ಹಿಡಿದಳು. ಅಳಲಿಲ್ಲ. "ಆರಾಮ ಮಾಡ್ತೀನಂದಿದ್ರಲ್ರೀ ಅಕ್ಕಾರ" ಎಂದು ಕೇಳಿದಳು. ಆಕೆ ಬೈಯಲಿಲ್ಲ. ನಾನು ಕೊಟ್ಟ ಮಾತು ಎಲ್ಲಿ ತಪ್ಪಿತೆಂದು ತಿಳಿಯದೆ ಕೇಳಿದಳು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಡಬೇಕಾಗುತ್ತದೆ, ಆ ಭಾರವನ್ನು ನಿಮ್ಮ ಮೇಲೆ ಹೊರಿಸಲಾರೆ. ನನ್ನದು ಒಂದೇ ಒಂದು ಸಮಾಧಾನ. ನಿಮ್ಮ ತಂದೆ ಕೊನೆಯವರೆಗೂ ತಾವು ಹೊರಟಿದ್ದೇವೆಂದು ತಿಳಿಯದೆ, ಅಂಜಿಕೆಯಿಲ್ಲದೆ ಹೋದರು. ಅದನ್ನಾದರೂ ನಾನು ಉಳಿಸಿಕೊಟ್ಟೆನೇನೋ ಎಂದುಕೊಳ್ಳುತ್ತೇನೆ. ತಪ್ಪಿದ್ದರೆ ಬರೆಯಿರಿ.

ನಿರ್ಮಲಾ

*

ಕೇರ್ ಆಫ್ 56 ಎ.ಪಿ.ಒ.
29 ಅಕ್ಟೋಬರ್ 2005

ಡಾಕ್ಟರ್ ನಿರ್ಮಲಾ ಅವರಿಗೆ,

ನಿಮ್ಮ ಪತ್ರ ಬಂದು ಏಳು ದಿನವಾಯಿತು. ಬೈದು ಎರಡು ಸಲ ಬರೆದೆ. ಬೈಗುಳ ಓದಿ ನಿಮಗೆ ಹಗುರವಾದೀತು ಎಂದು ಹರಿದುಹಾಕಿದೆ.

ತಪ್ಪಿದ್ದರೆ ಬರೆಯಿರಿ ಎಂದಿದ್ದೀರಿ. ಅದನ್ನು ಹೇಳಲಿಕ್ಕೇ ಅವತ್ತು ದವಾಖಾನೆಗೆ ಬಂದಿದ್ದೆ. ಬೆಂಚಿನ ಮೇಲೆ ಕೂತಾಗ ಯೋಚನೆ ಬಂತು, ಹೇಳಿದರೆ ನೀವು ಅಳುತ್ತೀರಿ, ಆಮೇಲೆ ನಾನೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು. ನನ್ನಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಎದ್ದು ಬಂದೆ.

ಆಗಸ್ಟ್ 30ರಂದು ನನ್ನ ಫೋನಿನ ಪಾಳಿ ಇತ್ತು. ನಿಮ್ಮ 17ರ ಪತ್ರ ಹಿಂದಿನ ದಿನವೇ ಬಂದಿತ್ತು. ಅಪ್ಪನನ್ನು ಕರೆಸಬೇಡಿ, ಅವ್ವ ಒಬ್ಬಳೇ ಬರಲಿ ಎಂದು ನಾನು ಹೇಳುವ ಮುಂಚೆಯೇ ಅಪ್ಪನ ದನಿ ಕೇಳಿತು. ನನ್ನ ಪಾಳಿ ಯಾವತ್ತು ಬರುತ್ತದೆಂದು ಅವನು ದಿನ ಎಣಿಸುತ್ತಿದ್ದನಂತೆ. ಆವತ್ತು ಮುಂಜಾನೆಯಿಂದಲೇ ಹಟ ಮಾಡಿ, ಅವ್ವನ ಹೆಗಲು ಹಿಡಿದುಕೊಂಡು ವಿರೂಪಾಕ್ಷಪ್ಪನವರ ಅಂಗಡಿಗೆ ಬಂದು ಚೀಲದ ಮೇಲೆ ಕೂತಿದ್ದನಂತೆ. ಇದೆಲ್ಲ ಆಮೇಲೆ ಅವ್ವ ಹೇಳಿದ್ದು.

ಆವತ್ತು ಅವನು ಆರಾಮ ಅದೇನಿ ಎನ್ನಲಿಲ್ಲ. ದನಿ ಒಡೆದಿತ್ತು.

"ಕೊಟ್ರ‍್ಯಾ, ಒಂದ ಸಲ ಬಂದು ಹೋಗಲೇ."

"ಈಗೇನಪಾ?"

"ಈಗ. ಆಗೂದಾದ್ರ ನಾಳೀನ ಹೊಂಡು. ನಿನ್ನ ಕೂಡ ಮಾತಾಡೂದೈತಿ."

ಐದು ವರ್ಷದಲ್ಲಿ ಮೊದಲ ಸಲ ಅವನು ನನ್ನೊಡನೆ ಮಾತಾಡುವುದಿದೆ ಎಂದ. ನನಗೆ ಹಿಗ್ಗಾಯಿತು. ಹಿಗ್ಗಿನಲ್ಲಿ ನಕ್ಕೆ. "ಮಳಿಗಾಲದಾಗ ನಾ ಬಂದ್ರ ನೀನ ಅಂಜ್ತೀಯಂತಲ್ಲಪಾ! ಅಕ್ಕಾರು ಬರದಾರ" ಎಂದೆ. ಜೇಬಿನಿಂದ ನಿಮ್ಮ ಪತ್ರ ತೆಗೆದು ಓದಿದೆ. ನೋವು ಇಲ್ಲ. ಚೆನ್ನಾಗಿ ನಿದ್ದೆ ಬರುತ್ತಿದೆ. ಗಾಬರಿಯಾಗಬೇಡ. ಹಿಂದಿನ ಪತ್ರವೂ ನನಗೆ ಬಾಯಿಪಾಠ ಆಗಿತ್ತು, ಅದನ್ನೂ ಹೇಳಿದೆ. "ಇನ್ನ ನೀ ಆರಾಮ ಆಗೂದೊಂದ ಉಳದೈತಂತ. ನಿನಗ ಸುಮ್ನ ಅಂಜಿಕಿ" ಎಂದೆ.

ಫೋನಿನಲ್ಲಿ ಅವನ ಉಸಿರಿನ ಸಪ್ಪಳ ಕೇಳುತ್ತಿತ್ತು.

"ಅಕ್ಕಾರು ಹಂಗ ಬರದಾರೇನು?"

"ಹೂನಪಾ, ಅವರ ಕೈಲೇ ಬರದಾರ."

"ಹಂಗಾದ್ರ ನಂದ ತಪ್ಪು ತಿಳುವಳಿಕಿ ಇರಬೇಕು. ಇರ‍್ಲಿ ಬಿಡು. ದೀಪಾವಳಿಗೇ ಬಾ."

ಅವನಿಗೆ ಗೊತ್ತಿತ್ತು, ಡಾಕ್ಟರೇ. ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿತ್ತು. ಮಳೆಗಾಲದ ಮಾತನ್ನು ನಿಮ್ಮ ಮುಂದೆ ಆಡಿದ್ದು ನನ್ನನ್ನು ಕರೆಸಿ ಎಂದು ಹೇಳಲಿಕ್ಕೆ ಇರಬಹುದು. ಅಪ್ಪ ಏನನ್ನೂ ನೇರ ಕೇಳುವವನಲ್ಲ. ನೇರ ಕೇಳಿದ್ದು ಅದೊಂದೇ ಸಲ, ನನ್ನನ್ನು. ನಾನು ನಿಮ್ಮ ಕಾಗದ ಓದಿ ಅವನ ಬಾಯಿ ಮುಚ್ಚಿಸಿದೆ.

ಅವನೇ ಫೋನ್ ಇಟ್ಟ. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುತ್ತಾರೆ. ನನ್ನದರಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಹಿಂದೆ ನಿಂತವನಿಗೆ ಕೊಟ್ಟೆ.

ಕೊಟ್ರೇಶ